ಐರ್ಲೆಂಡಿನ ಪಾಳೆಯಗಾರರ ಮೊದಲ ತಟ್ಟೆಗಳು

ಶಬ್ದವು ನಿತ್ಯವೋ ಅನಿತ್ಯವೋ ಎಂಬ ವಿಷಯದಲ್ಲಿ ನಮ್ಮ ಶಾಸ್ತ್ರಕಾರರು ಬಹುಕಾಲ ವಾದಿಸಿರುವರು. ಅದು ಹುಟ್ಟಿ, ಕ್ಷಣಮಾತ್ರ ನಿಂತು, ಅಳಿದುಹೋಗುವುದೆಂದು ನೈಯಾಯಿಕರು ಹೇಳಿದರು; ಅದು ಎಂದೆಂದಿಗೂ ಇದ್ದೇ ಇರುವುದು, ಉಚ್ಚಾರಣೆಯಿಂದ ವ್ಯಕ್ತವಾಗುವುದಷ್ಟೆ ಎಂದು ಮೀಮಾಂಸಕರು ಹೇಳಿದರು. ಗ್ರಾಮಫೋನು ಯಂತ್ರವು ಹುಟ್ಟಿದ ಮೇಲೆ ಈ ವಾದದಲ್ಲಿ ಮೀಮಾಂಸಕರಿಗೆ ಒಬ್ಬ ಹೊಸ ಸಾಕ್ಷಿಯು ದೊರೆತನೆಂದು ವಿನೋದಕ್ಕಾಗಿ ಹೇಳಬಹುದು. ಹಾಡಿದವನು ತೀರಿಕೊಂಡ ಮೇಲೂ ಹಾಡು ಉಳಿಯುವುದು ಈಗ ಯಾರಿಗೂ ಅಚ್ಚರಿಯಲ್ಲ. ಆದರೆ ಹಾಗೆ ಉಳಿದುದನ್ನು ಕೇಳುವವರುಂಟೆ ಎಂಬುದು ಬೇರೆಯೇ ಪ್ರಶ್ನೆ. ಕಲಾವಿದರು ಹೆಸರುಗೊಂಡ ಮೇಲೆ ಅವರ ವೈಭವಕಾಲದ ತಟ್ಟೆಗಳೇ ಎಲ್ಲರ ಕಿವಿಗೂ ಬೀಳುವುವು. ಮೊದಮೊದಲಿನವು ಕಪಾಟಿನ ಮೂಲೆಯನ್ನು ಸೇರುವುವು.

ಐರ್ಲೆಂಡು ದೇಶದ ‘ಚೀಫ್ಟನ್ಸ್’ ಎಂಬ ವಾದ್ಯಮೇಳಕ್ಕೆ ಆದುದೂ ಇದೇ. ಆ ಹೆಸರನ್ನು ನಮ್ಮ ಮಾತಿನಲ್ಲಿ ‘ಪಾಳೆಯಗಾರರು’ ಎಂದರೆ ತಪ್ಪಾಗದು. 1962ರಲ್ಲಿ ಡಬ್ಲಿನ್ ನಗರದಲ್ಲಿ ಐವರು, ಒಂದೇ ಒಂದು ತಟ್ಟೆಯನ್ನು ಮುದ್ರಿಸಿ ತಂತಮ್ಮ ಕೆಲಸಕ್ಕೆ ಹಿಂದಿರುಗುವ ಉದ್ದೇಶದಿಂದ, ಕೂಡಿದ ಮೇಳವಿದು. ಅದು ಸುಮಾರು ಅರುವತ್ತು ವರ್ಷ ನಡೆಯಿತು. 1979ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಅವರು ಡಬ್ಲಿನ್ನಿನ ಫೀನಿಕ್ಸ್ ಉದ್ಯಾನಕ್ಕೆ ಬಂದಾಗ ನೆರೆದ ಹತ್ತು ಲಕ್ಷಕ್ಕೂ ಮಿಕ್ಕ ಜನರ ಮುಂದೆ ನುಡಿಸಿತು. 1983ರಲ್ಲಿ ಚೀನಾದ ಮಹಾಗೋಡೆಯ ಮೇಲೆ ನುಡಿಸಿತು. ಅಮೆರಿಕದ ಗ್ರ್ಯಾಮಿ ಬಹುಮಾನವನ್ನು ಆರು ಸಲ ಪಡೆಯಿತು. ಈ ಕೀರ್ತಿಯ ಕಥೆಯನ್ನು ಹೇಳುವವರು ಬಹುಮಂದಿಯುಂಟು. ನಾವು ಹೇಳಹೊರಟಿರುವುದು ಅದಕ್ಕೂ ಮುಂಚಿನ ಕಥೆ. ನಮ್ಮ ಹಳೆಯ ಶಿಷ್ಯರೊಬ್ಬರು ತಮ್ಮ ಕೈಯೊಳಗಿನ ದೂರವಾಣಿಯಿಂದಲೇ ಈ ಮೇಳದ ಮೊದಲ ನಾಲ್ಕು ತಟ್ಟೆಗಳನ್ನು ಕೇಳಿಸಿದರು. ಸಂಗೀತದಲ್ಲಿ ನಮಗಿರುವ ಪರಿಚಯವು ಮನೆಮಟ್ಟಿನದು. ಆದರೂ ಒಮ್ಮೆ ಕೇಳಿ ಬಿಡಲು ಮನಸ್ಸಾಗಲಿಲ್ಲ. ಇವರು ಯಾರು, ಹೀಗೇಕೆ ನುಡಿಸಿದರು ಎಂದು ವಿಚಾರಿಸುತ್ತ ಹೋದಂತೆ ಒಂದು ಜನಾಂಗದ ಚರಿತ್ರೆಯೇ ತೆರೆದುಕೊಂಡಿತು.

ಆ ಚರಿತ್ರೆಯು ಸುಖದ್ದಲ್ಲ. 1845ರಿಂದ ಐದಾರು ವರ್ಷ ಆ ದ್ವೀಪದಲ್ಲಿ ಆಲೂಗೆಡ್ಡೆಯ ಬೆಳೆಗೆ ರೋಗ ತಗಲಿ ಘೋರಕ್ಷಾಮವುಂಟಾಯಿತು. 1841ರಲ್ಲಿ ಎಂಬತ್ತು ಲಕ್ಷಕ್ಕೆ ಮಿಕ್ಕಿದ್ದ ಜನಸಂಖ್ಯೆಯು ಹತ್ತು ವರ್ಷಗಳಲ್ಲಿ ಸುಮಾರು ಅರುವತ್ತೈದು ಲಕ್ಷಕ್ಕಿಳಿಯಿತು. ಹತ್ತು ಲಕ್ಷ ಮಂದಿ ಸತ್ತರು. ಅಷ್ಟೇ ಮಂದಿ ಹಡಗು ಹತ್ತಿದರು. ಸತ್ತವರಲ್ಲಿಯೂ ಹೋದವರಲ್ಲಿಯೂ ಹೆಚ್ಚಿನವರು ಐರಿಷ್ ಭಾಷೆಯನ್ನಾಡುತ್ತಿದ್ದ ಬಡವರು. ಹಾಡುಗಳಿದ್ದುದೂ ಅವರ ಬಾಯಲ್ಲಿಯೇ. ಕ್ಷಾಮವು ಕಳೆದ ಮೇಲೆ, 1855ರಲ್ಲಿ, ಪ್ರಾಚೀನ ಗೀತೆಗಳ ಸಂಗ್ರಹವೊಂದನ್ನು ಅಚ್ಚುಮಾಡಿಸಿದ ಜಾರ್ಜ್ ಪೆಟ್ರಿ ಎಂಬ ವಿದ್ವಾಂಸನು, ಹಾಡಿನ ನಾಡೆನಿಸಿಕೊಂಡುದು ಮೌನವಾಗಿಹೋಯಿತೆಂದು ಆ ಗ್ರಂಥದಲ್ಲಿಯೇ ಮರುಗಿದನು. ಅರಸುಮನೆಗಳಲ್ಲಿ ಮನ್ನಣೆ ಪಡೆದಿದ್ದ ಹಾರ್ಪ್ ಎಂಬ ತಂತೀವಾದ್ಯದ ಪರಂಪರೆಯು ಅದಕ್ಕೂ ಮೊದಲೇ ಕ್ಷೀಣಿಸಿತ್ತು. ಉಳಿದುದು ಹಳ್ಳಿಗರ ಅಡುಗೆಮನೆಯ ಒಲೆಯ ಮುಂದೆ ಒಬ್ಬನು ಪಿಟೀಲನ್ನೋ ಕೊಳಲನ್ನೋ ನುಡಿಸುತ್ತಿದ್ದ ಕುಣಿತದ ಮಟ್ಟುಗಳು, ಮತ್ತು ಮುದುಕಿಯರ ನಾಲಗೆಯ ಮೇಲಿದ್ದ ನಿಧಾನದ ಗೀತೆಗಳು.

ವಿಚಿತ್ರವೇನೆಂದರೆ, ನಾಡಿನಲ್ಲಿ ಬಡವಾದ ಈ ಸಂಗೀತವು ಕಡಲಾಚೆ ಪುಷ್ಟಿಗೊಂಡಿತು. ಷಿಕಾಗೋ ನಗರದ ಪೋಲೀಸು ಮುಖ್ಯಾಧಿಕಾರಿಯಾಗಿದ್ದ ಫ್ರಾನ್ಸಿಸ್ ಓನೀಲ್ ಎಂಬ ಐರಿಷ್ ವಲಸೆಗಾರನು 1903ರಲ್ಲಿ 1,850 ಮಟ್ಟುಗಳನ್ನು ಒಂದು ಪುಸ್ತಕದಲ್ಲಿ ಸೇರಿಸಿ ಪ್ರಕಟಿಸಿದನು. ಕಳ್ಳರನ್ನು ಹಿಡಿಯುವ ಕೈಯೇ ಕಳೆದುಹೋಗುತ್ತಿದ್ದ ಸ್ವರಗಳನ್ನೂ ಹಿಡಿಯಿತು. 1916ರಲ್ಲಿ ನ್ಯೂಯಾರ್ಕಿನಲ್ಲಿ ಅಂಗಡಿಯಿಟ್ಟಿದ್ದ ಎಲೆನ್ ಓಬರ್ನ್ ಡಿವಿಟ್ ಎಂಬ ಐರಿಷ್ ಮಹಿಳೆಯು ಕೊಲಂಬಿಯಾ ಕಂಪೆನಿಯವರಲ್ಲಿಗೆ ಹೋಗಿ, ನಮ್ಮವರ ವಾದ್ಯವನ್ನು ಮುದ್ರಿಸಿರಿ, 500 ತಟ್ಟೆಗಳನ್ನು ನಾನೇ ಕೊಳ್ಳುವೆನು, ಎಂದು ಮಾತುಕೊಟ್ಟಳು. ಆಕೆಯ ಹಟದಿಂದ ಹೊರಟ ಮುದ್ರಿಕೆಯು ಚೆನ್ನಾಗಿ ಮಾರಾಟವಾಗಿ, ಕಂಪೆನಿಗಳಿಗೆ ಈ ಸಂಗೀತದಲ್ಲಿ ಲಾಭವುಂಟೆಂಬ ಧೈರ್ಯ ಬಂದಿತು. ಮುಂದೆ 1921ರಿಂದ 1936ರವರೆಗೆ ಸ್ಲೈಗೊ ಪ್ರಾಂತದ ಮೈಕೇಲ್ ಕೋಲ್ಮನ್ ಎಂಬ ಪಿಟೀಲುವಾದಕನು ನ್ಯೂಯಾರ್ಕಿನಲ್ಲಿ ನುಡಿಸಿದ ತಟ್ಟೆಗಳು ಅಂಚೆಯ ಮೂಲಕವೂ ನೆಂಟರ ಪೆಟ್ಟಿಗೆಗಳಲ್ಲಿಯೂ ಐರ್ಲೆಂಡಿಗೆ ಬಂದುವು.

ತಟ್ಟೆಯ ಉಪಕಾರ ಅಪಕಾರಗಳೆರಡೂ ಇಲ್ಲಿ ಕಾಣುವುವು. ಕೋಲ್ಮನ್ನನ ಕೈಚಳಕವು ಅದ್ಭುತವಾದುದು. ಅದನ್ನು ಕೇಳಿ ಕಲಿತ ಹುಡುಗರು ಸಾವಿರಾರು ಮಂದಿ. ಆದರೆ ಕೆರಿಯಲ್ಲೊಂದು, ಕ್ಲೇರಿನಲ್ಲೊಂದು, ಡಾನೆಗಾಲಿನಲ್ಲೊಂದು ಎಂಬಂತೆ ಸೀಮೆಸೀಮೆಗೂ ಬೇರೆಯಾಗಿದ್ದ ಬಾನಿಗಳು, ಯಂತ್ರದೊಳಗಿನ ಸ್ಲೈಗೊ ಬಾನಿಯ ಮುಂದೆ ಹಳ್ಳಿಗರ ಕಣ್ಣಿಗೇ ಸಪ್ಪೆಯಾಗಿ ತೋರತೊಡಗಿದುವು. ತನ್ನ ತಂದೆಯ ವಾದನಕ್ಕಿಂತ ಪೆಟ್ಟಿಗೆಯೊಳಗಿನವನ ವಾದನವೇ ಸರಿಯಾದುದೆಂದು ಮಗನು ಭಾವಿಸಿದರೆ, ತಂದೆಯದು ಅವನೊಡನೆಯೇ ಮುಗಿಯುವುದಷ್ಟೆ. ಇದು ಐರ್ಲೆಂಡಿನಲ್ಲಿ ಮಾತ್ರ ನಡೆದುದಲ್ಲವೆಂದು ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟು ಸಾಲದೆಂಬಂತೆ 1935ರಲ್ಲಿ ಅಲ್ಲಿಯ ಸರಕಾರವು ನೃತ್ಯಶಾಲೆಗಳಿಗೆ ಪರವಾನಗಿಯ ಕಾನೂನನ್ನು ತಂದಿತು. ಪಾದ್ರಿಗಳೂ ಪೋಲೀಸರೂ ಅದನ್ನು ಹಿಡಿದು ಮನೆಮನೆಯ ಕುಣಿತಗಳನ್ನೂ ಅಡಗಿಸಿದರು. ಕುಣಿತವು ಅಡುಗೆಮನೆಯಿಂದ ದೊಡ್ಡ ಸಭಾಂಗಣಕ್ಕೆ ಹೋಯಿತು. ಅಲ್ಲಿ ಒಬ್ಬನ ಪಿಟೀಲು ಯಾರಿಗೆ ಕೇಳೀತು? ಆದಕಾರಣ ಹತ್ತು ಮಂದಿ ಸೇರಿ, ಪಿಯಾನೋವನ್ನೂ ಡ್ರಮ್ಮನ್ನೂ ಕೂಡಿಸಿಕೊಂಡು, ಒಂದೇ ಮಟ್ಟನ್ನು ಒಟ್ಟಿಗೆ ಗಟ್ಟಿಯಾಗಿ ನುಡಿಸುವ ‘ಕೇಲಿ’ ಮೇಳಗಳು ಹೆಚ್ಚಿದುವು. ಕಾಲಿಗೆ ಅವು ಒಳ್ಳೆಯವೇ. ಕಿವಿಗೆ ಮಾತ್ರ, ವಾದಕರ ಸೂಕ್ಷ್ಮವಾದ ಅಲಂಕಾರಗಳೆಲ್ಲವೂ ಆ ಗದ್ದಲದಲ್ಲಿ ಮುಳುಗಿಹೋಗುತ್ತಿದ್ದುವು. ಷಾನ್ ಓ ರಿಯಾಡ ಎಂಬ ವಾಗ್ಗೇಯಕಾರನು ಈ ಮೇಳಗಳ ನಾದವನ್ನು ಜಾಡಿಯೊಳಗೆ ಸಿಕ್ಕಿದ ನೊಣದ ಗುಂಯ್‌ಗುಟ್ಟುವಿಕೆಗೆ ಹೋಲಿಸಿ ಬಹುಮಂದಿಯ ಕೋಪಕ್ಕೆ ಗುರಿಯಾದನು. ಹೋಲಿಕೆಯು ಕಟುವಾದುದು. ಕುಣಿಯುವವರಿಗಾಗಿ ನುಡಿಸುವವನಿಗೆ ಅವನದೇ ಆದ ಧರ್ಮವುಂಟೆಂಬುದನ್ನು ಆ ಪ್ರತಿಭಾವಂತನು ಎಣಿಸಲಿಲ್ಲವೆಂದು ನಮ್ಮ ಅಭಿಪ್ರಾಯ.

ಆದರೆ ಓ ರಿಯಾಡನು ನಿಂದಿಸಿ ಸುಮ್ಮನಾದವನಲ್ಲ. 1931ರಲ್ಲಿ ಹುಟ್ಟಿ, ಪಾಶ್ಚಾತ್ಯಶಾಸ್ತ್ರೀಯ ಸಂಗೀತದಲ್ಲಿ ಪಳಗಿ, 1959ರಲ್ಲಿ ‘ಮಿಶ ಏರ’ ಎಂಬ ಚಲಚ್ಚಿತ್ರಕ್ಕೆ ದೇಶೀಯ ಮಟ್ಟುಗಳಿಂದ ಸಂಗೀತವನ್ನು ಹೆಣೆದು ದೇಶವನ್ನೆಲ್ಲ ಮುಗ್ಧಗೊಳಿಸಿದ ಈತನು, 1960ರ ಸುಮಾರಿನಲ್ಲಿ ಹಳ್ಳಿಯ ಬಾನಿಯನ್ನು ಬಲ್ಲ ವಾದಕರನ್ನು ಕೂಡಿಸಿ ‘ಕ್ಯೋಲ್ತೋರಿ ಖೂಲನ್’ ಎಂಬ ಮೇಳವನ್ನು ಕಟ್ಟಿದನು. ಎಲ್ಲರೂ ಎಲ್ಲ ಕಾಲದಲ್ಲಿಯೂ ನುಡಿಸಬೇಕಾಗಿಲ್ಲ; ಒಬ್ಬನು ನುಡಿಸುವಾಗ ಉಳಿದವರು ಕೇಳಲಿ; ಆಮೇಲೆ ಇಬ್ಬರು, ಬಳಿಕ ಮೂವರು, ಕಡೆಗೆ ಎಲ್ಲರೂ, ಎಂಬುದು ಅವನು ಕಂಡ ಉಪಾಯ. ಸರಳವೆಂದು ತೋರುವುದು. ಆದರೆ ಒಬ್ಬನೇ ನುಡಿಸುವುದಕ್ಕೆಂದು ಹುಟ್ಟಿದ ಸಂಗೀತವನ್ನು ಹಲವರು ಕೂಡಿ ನುಡಿಸಿದರೂ ಒಬ್ಬೊಬ್ಬನ ಮನೋಧರ್ಮವು ಕೆಡದಂತೆ ಇರಿಸಿದ ಉಪಾಯವಿದು. ಆಡಿನ ಚರ್ಮವನ್ನು ಬಳೆಗೆ ಬಿಗಿದ ‘ಬೌರಾನ್’ ಎಂಬ ತಮಟೆಯನ್ನು, ಡಿಸೆಂಬರ್ 26ರ ಬೀದಿಹಬ್ಬದ ಗಲಾಟೆಯಿಂದ ಕಛೇರಿಯ ವೇದಿಕೆಗೆ ತಂದವನೂ ಈತನೇ.

ಈ ಮೇಳದ ನಾಲ್ವರೇ ‘ಪಾಳೆಯಗಾರರ’ ಬೀಜ. ಕ್ಷೇತ್ರವನ್ನೊದಗಿಸಿದವನು ಗ್ಯಾರೆಕ್ ಬ್ರೌನ್ ಎಂಬ ತರುಣ. ಗಿನ್ನೆಸ್ ಮದ್ಯದ ಶ್ರೀಮಂತ ಮನೆತನಕ್ಕೆ ಸೇರಿದವನು. ದೇಶೀಯವಾದ ಸಂಗೀತಕ್ಕೂ ಕಾವ್ಯಕ್ಕೂ ಮನಸ್ಸು ತೆತ್ತವನು. 1959ರಲ್ಲಿ ಇವನೂ ಐವರ್ ಬ್ರೌನ್ ಎಂಬ ವೈದ್ಯನೂ ಸೇರಿ ‘ಕ್ಲಾಡಾ’ ಎಂಬ ಧ್ವನಿಮುದ್ರಣಸಂಸ್ಥೆಯನ್ನು ಸ್ಥಾಪಿಸಿದರು. ಕ್ಲಾಡಾ ಎಂಬುದು ಗಾಲ್ವೆಯ ಹತ್ತಿರದ ಬೆಸ್ತರ ಹಳ್ಳಿಯ ಹೆಸರು. ಎರಡು ಕೈಗಳು ಕಿರೀಟವಿಟ್ಟ ಹೃದಯವನ್ನು ಹಿಡಿದಿರುವ ಉಂಗುರಕ್ಕೆ ಆ ಹೆಸರಿರುವುದನ್ನು ನಮ್ಮ ಸೋದರಿಯರು ಕೇಳಿರಬಹುದು. ಈ ಬ್ರೌನ್ ಮಹಾಶಯನು ಮುಂದೆ ಗುಜರಾತಿನ ಮೋರ್ವಿ ಸಂಸ್ಥಾನದ ರಾಜಕುಮಾರಿಯನ್ನು ವರಿಸಿ ಭಾರತದ ಅಳಿಯನಾದನೆಂಬುದು ಪ್ರಾಸಂಗಿಕವಾಗಿ ಹೇಳಬೇಕಾದ ಮಾತು. ಅವನ ಮೊದಲ ತಟ್ಟೆಯು ಲಿಯೊ ರೌಸಮ್ ಎಂಬ ಡಬ್ಲಿನ್ನಿನ ವಾದಕನದು. ಅದಕ್ಕೆ ‘ಪೈಪುವಾದಕರ ಅರಸ’ ಎಂಬರ್ಥದ ಹೆಸರನ್ನಿಟ್ಟರು. ಆ ಅರಸನ ಶಿಷ್ಯನೇ ನಮ್ಮ ಕಥಾನಾಯಕನಾದ ಪ್ಯಾಡಿ ಮಲೋನಿ.

ಮಲೋನಿಯು 1938ರಲ್ಲಿ ಡಬ್ಲಿನ್ನಿನಲ್ಲಿ ಹುಟ್ಟಿದನು. ಆರನೆಯ ವಯಸ್ಸಿನಲ್ಲಿ ತಾಯಿಯು ಒಂದು ಅಗ್ಗದ ಪೀಪಿಯನ್ನು ಕೊಡಿಸಿದಳು. ಎಂಟನೆಯ ವಯಸ್ಸಿಗೆ ರೌಸಮ್ಮನ ಬಳಿ ‘ಇಲ್ಲನ್’ ಪೈಪಿನ ಪಾಠವು ಆರಂಭವಾಯಿತು. ಇಲ್ಲನ್ ಎಂದರೆ ಮೊಣಕೈಗೆ ಸಂಬಂಧಿಸಿದುದು. ಈ ವಾದ್ಯವನ್ನು ಬಾಯಿಂದ ಊದುವುದಿಲ್ಲ. ಬಲ ಮೊಣಕೈಯ ಕೆಳಗೆ ಕಮ್ಮಾರನ ತಿದಿಯಂತಹ ಚಿಕ್ಕ ತಿದಿ; ಎಡತೋಳಿನ ಕೆಳಗೆ ಗಾಳಿ ತುಂಬಿದ ಚರ್ಮದ ಚೀಲ; ತೊಡೆಯ ಮೇಲೆ ನಿಂತ, ಎರಡು ಸ್ಥಾಯಿಗಳಲ್ಲಿ ನುಡಿಯುವ ಕೊಳವೆ; ಅದರ ತುದಿಯನ್ನು ತೊಡೆಗೆ ಒತ್ತಿ ಮುಚ್ಚಿದರೆ ಸ್ವರವು ಕತ್ತರಿಸಿದಂತೆ ನಿಲ್ಲುವುದು. ಪಕ್ಕದಲ್ಲಿ ಮೂರು ಶ್ರುತಿಕೊಳವೆಗಳು ಒಂದೇ ಸ್ವರವನ್ನು ಮೂರು ಸ್ಥಾಯಿಗಳಲ್ಲಿ ಎಡೆಬಿಡದೆ ಹಿಡಿದಿರುವುವು; ಅದು ಆಧಾರಷಡ್ಜವೆಂದು ನಮ್ಮ ಕಡೆಯ ಮಕ್ಕಳಿಗೂ ತಿಳಿದೀತು. ಇವಲ್ಲದೆ ಮಣಿಕಟ್ಟಿನಿಂದ ಒತ್ತಿ ಜೊತೆಸ್ವರಗಳನ್ನು ಎಬ್ಬಿಸುವ ಮೂರು ಕೊಳವೆಗಳು ಬೇರೆ. ಇಷ್ಟನ್ನೂ ಕುಳಿತೇ ನುಡಿಸಬೇಕು. ಏಳು ವರ್ಷ ಕಲಿಕೆ, ಏಳು ವರ್ಷ ಸಾಧನೆ, ಏಳು ವರ್ಷ ವಾದನ, ಆಮೇಲೆ ಅವನು ವಾದಕ, ಎಂದು ಅಲ್ಲಿ ಗಾದೆಯಾಗಿದೆ. ನಮ್ಮ ಗುರುಗಳು ವ್ಯಾಕರಣಕ್ಕೆ ಹನ್ನೆರಡು ವರ್ಷ ಹೇಳುತ್ತಿದ್ದರು. ಅದು ಸುಲಭವೆಂದು ಈಗ ತೋರುತ್ತದೆ.

ಬ್ರೌನನ ಪ್ರೇರಣೆಯಿಂದ ಮಲೋನಿಯು ಕೂಡಿಸಿದವರು ಇವರು: ಪೀಪಿಗೆ ಷಾನ್ ಪಾಟ್ಸ್, ಪೈಪುವಾದಕರ ಮನೆತನದವನು, ಮರದ ಕೊಳಲಿಗೂ ಕನ್ಸರ್ಟೀನ ಎಂಬ ಕೈಪೆಟ್ಟಿಗೆಗೂ ಕ್ಲೇರ್ ಸೀಮೆಯ ಮೈಕೇಲ್ ಟ್ಯೂಬ್ರಿಡಿ, ವೃತ್ತಿಯಿಂದ ಇಂಜಿನಿಯರು, ಪಿಟೀಲಿಗೆ ನಾಟಕಶಾಲೆಯ ವಾದ್ಯವೃಂದದಲ್ಲಿ ಓ ರಿಯಾಡನ ಕೈಕೆಳಗೆ ನುಡಿಸಿದ್ದ ಮಾರ್ಟಿನ್ ಫೇ, ಬೌರಾನಿಗೆ ಡೇವಿಡ್ ಫ್ಯಾಲನ್. ಸ್ವತಃ ಮಲೋನಿಯು ಕಟ್ಟಡದ ಸಾಮಗ್ರಿಗಳ ವ್ಯಾಪಾರಸಂಸ್ಥೆಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದನು. ಮೇಳದ ಹೆಸರನ್ನು ಸೂಚಿಸಿದವನು ಜಾನ್ ಮಾಂಟೇಗ್ ಎಂಬ ಕವಿ. ಪಾಳೆಯಗಾರರೆಂಬ ಹೆಸರೇನೋ ದೊಡ್ಡದು. ಹೊಟ್ಟೆಪಾಡಿನ ಕೆಲಸದಿಂದ ಬಿಡುವು ಸಿಕ್ಕಾಗ ಕೂಡಿ ನುಡಿಸುತ್ತಿದ್ದವರು ಇವರು.

1963-64ರ ವೇಳೆಗೆ ಹೊರಬಂದ ಮೊದಲ ತಟ್ಟೆಯು ಮುಕ್ಕಾಲು ಗಂಟೆಯೂ ನಡೆಯುವುದಿಲ್ಲ. ಮೊದಲ ಕಂತಿನ ಆರಂಭದಲ್ಲಿರುವ ಮಟ್ಟಿನ ಐರಿಷ್ ಹೆಸರಿಗೆ ‘ಇದೇ ನನ್ನ ಅಳಲಿಗೆ ಕಾರಣ’ ಎಂದರ್ಥ. ದೀರ್ಘಾವಧಿಯ ತಟ್ಟೆಯು ಬಂದುದರಿಂದ ಇವರಿಗೆ ಅನುಕೂಲವಾಯಿತೆಂಬುದನ್ನು ಮರೆಯಬಾರದು. ಕೋಲ್ಮನ್ನನ ಕಾಲದ ತಟ್ಟೆಯ ಒಂದು ಮುಖದಲ್ಲಿ ಮೂರು ನಿಮಿಷಕ್ಕೆ ಎಲ್ಲವೂ ಮುಗಿಯಬೇಕಾಗಿತ್ತು. ಕುಣಿತದ ಮಟ್ಟಿಗೆ ಅದು ಸಾಕು, ನಿಧಾನದ ಗೀತೆಗೆ ಸಾಲದು. ಇಲ್ಲಿ ಹಾಗಲ್ಲ. ನಾಲ್ಕೆಣಿಕೆಯ ‘ರೀಲ್’, ಮೂರರ ಗತಿಯ ‘ಜಿಗ್’, ಮೂರರ ಗುಂಪುಗಳು ಮೂರು ಸೇರಿ ಜಾರುವ ‘ಸ್ಲಿಪ್ ಜಿಗ್’, ತಾಳಕ್ಕೆ ಸಿಕ್ಕದೆ ನಮ್ಮ ಆಲಾಪನೆಯಂತೆ ತೇಲುವ ಗೀತೆ, ಇವೆಲ್ಲವೂ ಒಂದರ ಬೆನ್ನಿಗೊಂದು ಬರುವುವು. ಒಂದು ವಾದ್ಯವು ಮಟ್ಟನ್ನು ಹೇಳುವುದು, ಇನ್ನೊಂದು ಮೆಲ್ಲನೆ ಕೂಡಿಕೊಳ್ಳುವುದು, ಮೊದಲನೆಯದು ಬಿಟ್ಟುಕೊಡುವುದು. ಮುನ್ನುಗ್ಗುವವರಿಲ್ಲ. ಮಾತು ಮುಗಿಯುವವರೆಗೆ ಕಾದಿದ್ದು ತಮ್ಮ ಮಾತನ್ನಾಡುವ ಸಂಭಾವಿತರ ಕೂಟದಂತಿರುವುದು.

ಹೆಸರುಗಳೇ ಒಂದು ಪುಟ್ಟ ಗ್ರಾಮಚರಿತ್ರೆ. ಒಂದು ಜಿಗ್ಗಿಗೆ ಗ್ಯಾರೆಟ್ ಬ್ಯಾರಿ ಎಂದು ಹೆಸರು. ಆತನು ಕ್ಲೇರ್ ಸೀಮೆಯ ಕುರುಡು ಪೈಪುವಾದಕ, 1899ರಲ್ಲಿ ತೀರಿಕೊಂಡವನು. ಇನ್ನೊಂದರ ಹೆಸರು ‘ಹಾಲು ಕರೆಯಲು ಹೊರಟ ಕಿಟ್ಟಿ’. ನಮ್ಮ ಕಿಟ್ಟಿಯಲ್ಲ, ಅಲ್ಲಿಯ ಹೆಣ್ಣುಮಗಳು. ಮತ್ತೊಂದು ‘ಕಾಸಾ ಅನ್ ತೂಗಾನ್’, ಎಂದರೆ ಹಗ್ಗ ಹೊಸೆಯುವುದು. ಇದರ ಕಥೆಯು ಮನೆಮಂದಿಗೆ ರುಚಿಸೀತು. ಬೇಡವಾದ ಪ್ರಣಯಿಯೊಬ್ಬನು ಹುಡುಗಿಯ ಮನೆಗೆ ಬಂದು ಕುಳಿತುಬಿಡುವನು. ಅತಿಥಿಯನ್ನು ಹೊರಗೆ ದಬ್ಬುವುದು ಅಲ್ಲಿಯೂ ಮರ್ಯಾದೆಯಲ್ಲ. ತಾಯಿಯು ಒಣಹುಲ್ಲಿನ ಹಗ್ಗದ ತುದಿಯನ್ನು ಅವನ ಕೈಗೆ ಕೊಟ್ಟು ಹೊಸೆಯಪ್ಪ ಎನ್ನುವಳು. ಹಗ್ಗ ಬೆಳೆದಂತೆ ಹೊಸೆಯುವವನು ಹಿಂದೆ ಹಿಂದೆ ಸರಿಯಬೇಕಷ್ಟೆ? ಸರಿಯುತ್ತ ಸರಿಯುತ್ತ ಅವನು ಹೊಸ್ತಿಲು ದಾಟುವನು, ಬಾಗಿಲು ಮುಚ್ಚಿಕೊಳ್ಳುವುದು. ಇಷ್ಟು ನಗೆಯ ಕಥೆಗೆ ಮಟ್ಟು ಮಾತ್ರ ನಗೆಯದಲ್ಲ. ಬಾಗಿಲ ಹೊರಗೆ ನಿಂತವನ ಎದೆಯಿಂದ ಹೊರಟಂತಹ ನಿಧಾನದ ಕರುಣಸ್ವರ. ಇವರ ತಟ್ಟೆಯಲ್ಲಿ ಅದನ್ನು ಕೇಳುವಾಗ ಹಾಸ್ಯವು ಕರುಣವಾಗಿ ತಿರುಗುವ ಘಳಿಗೆಯನ್ನು ಕಿವಿಯಿಂದಲೇ ಕಾಣಬಹುದು. ಭರತಮುನಿಯು ಶೃಂಗಾರದಿಂದ ಹಾಸ್ಯವೂ ರೌದ್ರದಿಂದ ಕರುಣವೂ ಹುಟ್ಟುವುದೆಂದನು. ಹಾಸ್ಯದಿಂದ ಕರುಣವೆಂಬುದು ಈ ಐರಿಷರ ಸೇರ್ಪಡೆ.

ಮೊದಲ ತಟ್ಟೆಗೂ ಎರಡನೆಯದಕ್ಕೂ ನಡುವೆ ಐದು ವರ್ಷ ಕಳೆಯಿತು. ಇಂದಿನ ವ್ಯಾಪಾರಸ್ಥರು ಇದನ್ನು ಕೇಳಿದರೆ ನಕ್ಕಾರು. ಒಂದೇ ತಟ್ಟೆಗೆಂದು ಕೂಡಿದವರು, ಉದ್ಯೋಗ ಸಂಸಾರಗಳುಳ್ಳವರು, ಅವಸರಪಡಲಿಲ್ಲ. 1968ರಲ್ಲಿ ಮಲೋನಿಯು ಕ್ಲಾಡಾ ಸಂಸ್ಥೆಯ ಆಡಳಿತವನ್ನೇ ವಹಿಸಿಕೊಂಡನು. 1969ರಲ್ಲಿ ಎರಡನೆಯದೂ 1971ರಲ್ಲಿ ಮೂರನೆಯದೂ ಬಂದುವು. ಷಾನ್ ಕೀನ್ ಎಂಬ ಇನ್ನೊಬ್ಬ ಪಿಟೀಲುವಾದಕನು ಸೇರಿದನು. ಫ್ಯಾಲನ್ನನ ಸ್ಥಾನಕ್ಕೆ ಪೀಡರ್ ಮರ್ಸಿಯರ್ ಬಂದನು. ತಟ್ಟೆಗಳಿಗೆ ಹೆಸರಿಡುವ ಗೋಜಿಗೂ ಹೋಗದೆ ಎರಡು, ಮೂರು, ನಾಲ್ಕು ಎಂದು ಸಂಖ್ಯೆ ಹಾಕಿದರು. 1973ರ ನಾಲ್ಕನೆಯದರಲ್ಲಿ ಬೆಲ್‌ಫಾಸ್ಟಿನ ಡೆರೆಕ್ ಬೆಲ್ ಎಂಬವನ ಹಾರ್ಪ್ ಸೇರಿತು. ನೂರಾರು ವರ್ಷಗಳ ಹಿಂದೆ ಕ್ಷೀಣಿಸಿದ ಅರಮನೆಯ ತಂತಿಯೂ ಅಡುಗೆಮನೆಯ ಪೀಪಿಯೂ ಒಂದೇ ಪಂಕ್ತಿಯಲ್ಲಿ ಕುಳಿತುವು. ಓ ರಿಯಾಡನು 1971ರಲ್ಲಿ, ನಾಲ್ವತ್ತನೆಯ ವಯಸ್ಸಿಗೇ, ತೀರಿಕೊಂಡಿದ್ದನು. ಹದಿನೆಂಟನೆಯ ಶತಮಾನದ ಪದ್ಯವೊಂದಕ್ಕೆ ಅವನು ಕಟ್ಟಿದ್ದ ‘ಐರ್ಲೆಂಡಿನ ಸ್ತ್ರೀಯರು’ ಎಂಬ ಮಟ್ಟನ್ನು ಶಿಷ್ಯರು ಈ ತಟ್ಟೆಯಲ್ಲಿ ನುಡಿಸಿದರು. 1975ರ ‘ಬ್ಯಾರಿ ಲಿಂಡನ್’ ಎಂಬ ಚಲಚ್ಚಿತ್ರಕ್ಕೆ ಅದನ್ನು ಆಯ್ದುಕೊಂಡುದರಿಂದ ಲೋಕವೆಲ್ಲ ಅದನ್ನು ಕೇಳಿತು. ಅದೇ ವರ್ಷದ ಮಾರ್ಚ್ 17ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಕಛೇರಿ ನಡೆಸಿದ ಬಳಿಕ, ಇವರು ಉದ್ಯೋಗಗಳನ್ನು ಬಿಟ್ಟು ಸಂಗೀತವನ್ನೇ ನಂಬಿದರು.

ಆಮೇಲಿನದು ದಿಗ್ವಿಜಯ. ಹೆಸರಾಂತ ಗಾಯಕರೊಡನೆ ಕೂಡಿ ಹೊರತಂದ ತಟ್ಟೆಗಳಲ್ಲಿ ರಸವಿಲ್ಲವೆಂದು ನಾವು ಹೇಳುವವರಲ್ಲ. ಆದರೆ ಅಲ್ಲಿ ಅತಿಥಿಗಳ ಸಡಗರವೇ ಹೆಚ್ಚು. ಮನೆಯವರು ಬಡಿಸುತ್ತ ಓಡಾಡುವುದೇ ಆಗುವುದು. ಮೊದಲ ನಾಲ್ಕರಲ್ಲಿ ಮನೆಯವರೇ ಕುಳಿತು ತಮ್ಮೊಳಗೆ ಮಾತನಾಡಿಕೊಳ್ಳುತ್ತಿರುವರು. ನಮಗೆ ಇವುಗಳ ಮೇಲೆಯೇ ಪಕ್ಷಪಾತ.

ಓ ರಿಯಾಡನು 1962ರಲ್ಲಿ ಐರ್ಲೆಂಡಿನ ರೇಡಿಯೋದಲ್ಲಿ ಮಾಡಿದ ಭಾಷಣಮಾಲೆಯಲ್ಲಿ, ತಮ್ಮ ಸಂಗೀತವು ಯೂರೋಪಿನದರಂತಿಲ್ಲ, ಪ್ರಾಚ್ಯದೇಶಗಳ ಸಂಗೀತಕ್ಕೇ ಹತ್ತಿರವೆಂದು ವಾದಿಸಿದನು. ವಿದ್ವಾಂಸರು ಇದನ್ನು ಪೂರ್ತಿಯಾಗಿ ಒಪ್ಪರು. ಕೇಳುವ ನಮ್ಮ ಕಿವಿಗೆ ಮಾತ್ರ ಅದು ಉತ್ಪ್ರೇಕ್ಷೆಯೆಂದು ತೋರಲಿಲ್ಲ: ಎಡೆಬಿಡದ ಶ್ರುತಿ, ಸ್ವರದಿಂದ ಸ್ವರಕ್ಕೆ ಜಾರುವ ಬೆರಳು, ಒಂದೇ ಎಳೆಯಾಗಿ ಸಾಗುವ ರಾಗ, ಪ್ರತಿ ಆವೃತ್ತಿಗೂ ಬದಲಾಗುವ ಅಲಂಕಾರ. ಐರ್ಲೆಂಡಿನವರಿಗೂ ನಮಗೂ ಇರುವ ನಂಟು ಇದೊಂದೇ ಅಲ್ಲ. 1919ರಲ್ಲಿ ಮದನಪಲ್ಲಿಯಲ್ಲಿ ‘ಜನಗಣಮನ’ದ ಸ್ವರಪ್ರಸ್ತಾರವನ್ನು ಬರೆದಿಟ್ಟ ಮಾರ್ಗರೆಟ್ ಕಸಿನ್ಸ್ ಅವರು ಆ ದೇಶದ ಸಂಗೀತವಿದುಷಿ. ಆಕೆಯ ಪತಿ ಜೇಮ್ಸ್ ಕಸಿನ್ಸ್ ಅವರೇ 1924ರಲ್ಲಿ ಮೈಸೂರಿನಲ್ಲಿ, ಇಂಗ್ಲಿಷಿನಲ್ಲಿ ಕವಿತೆ ಬರೆದು ತಂದ ತರುಣರೊಬ್ಬರಿಗೆ ತಾಯ್ನುಡಿಯಲ್ಲಿ ಬರೆಯಿರೆಂದು ಹೇಳಿದವರು. ಆ ತರುಣರು ಕುವೆಂಪು. ಸ್ವಂತ ನುಡಿಯನ್ನು ಕಳೆದುಕೊಳ್ಳುವುದೆಂದರೇನೆಂಬುದು ಐರ್ಲೆಂಡಿನವರಿಗೆ ತಿಳಿದಷ್ಟು ಬೇರೆಯವರಿಗೆ ತಿಳಿಯದು.

ಗ್ಯಾರೆಕ್ ಬ್ರೌನ್ 2018ರಲ್ಲಿ ತೀರಿಕೊಂಡನು. ಡೆರೆಕ್ ಬೆಲ್ 2002ರಲ್ಲಿ, ಮಾರ್ಟಿನ್ ಫೇ 2012ರಲ್ಲಿ, ಷಾನ್ ಪಾಟ್ಸ್ 2014ರಲ್ಲಿ, ಮಲೋನಿಯು 2021ರ ಅಕ್ಟೋಬರಿನಲ್ಲಿ, ಷಾನ್ ಕೀನ್ 2023ರಲ್ಲಿ ಅಗಲಿದರು. ಮಲೋನಿಯ ಒಂದು ಪೀಪಿಯು 2010-11ರಲ್ಲಿ ಅಮೆರಿಕದ ಗಗನಯಾತ್ರಿಯೊಬ್ಬಳ ಗಂಟಿನಲ್ಲಿ ಅಂತರಿಕ್ಷನಿಲ್ದಾಣಕ್ಕೂ ಹೋಗಿ ಬಂದಿತು. ಅದರ ಮಾತು ಹಾಗಿರಲಿ. ಆ ಹಳೆಯ ತಟ್ಟೆಗಳು ಈಗ ಯಾರ ಮನೆಗಾದರೂ ಬರುವುವು. ಕೇಳಬೇಕೆಂಬ ವಾಚಕರಿಗೆ ನಮ್ಮದೊಂದು ಸೂಚನೆಯುಂಟು. ಮೊದಲು ನಾಲ್ಕನೆಯದನ್ನು ಹಾಕಿರಿ, ಕಿವಿಗೆ ಅದು ಸುಲಭ. ಬಳಿಕ ಮೊದಲನೆಯದಕ್ಕೆ ಹೋಗಿರಿ. ಮಕ್ಕಳು ಕುಣಿದರೆ ಕುಣಿಯಲಿ, ಆ ಮಟ್ಟುಗಳು ಹುಟ್ಟಿದುದೇ ಅದಕ್ಕೆ. ಹಗ್ಗ ಹೊಸೆಯುವ ಮಟ್ಟು ಬಂದಾಗ ಮಾತ್ರ ಅಡುಗೆಮನೆಯವರನ್ನೂ ಹೊರಗೆ ಕರೆಯಿರಿ.